ಅನುಪಾತದ ಲೆಕ್ಕ: ಕೊಟ್ಟ ಸಂಖ್ಯೆ ಎಷ್ಟು ಪಾಲಿನದು?

24 : 36 ಅನ್ನು ಸರಳ ರೂಪಕ್ಕೆ ತಾ ಎಂದರೆ ಆರನೇ ತರಗತಿಯ ಮಗು 2 : 3 ಎಂದು ಚಕಚಕನೆ ಬರೆದುಬಿಡುತ್ತದೆ. ಅದೇ ಮಗುವಿಗೆ "ಶ್ರೀನಿವಾಸಪುರದ ಮಂಡಿಗೆ ಬಾದಾಮಿ ಮತ್ತು ತೋತಾಪುರಿ ಮಾವು 3 : 5ರ ಅನುಪಾತದಲ್ಲಿ ಬಂದಿದೆ. ಒಟ್ಟು 96 ಕ್ರೇಟ್. ತೋತಾಪುರಿ ಎಷ್ಟು?" ಎಂದು ಕೇಳಿ. ಪೆನ್ಸಿಲ್ ನಿಂತುಬಿಡುತ್ತದೆ. ಇಲ್ಲವೇ 3ರಿಂದ ಶೇಷವಿಲ್ಲದೆ ಭಾಗ ಹೋಗುತ್ತದೆ ಎಂಬ ಒಂದೇ ಕಾರಣಕ್ಕೆ 96ನ್ನು 3ರಿಂದ ಭಾಗಿಸಿ 32 ಎಂದು ಬರೆಯುತ್ತದೆ. ಭಾಗಾಕಾರ ಬರುತ್ತದೆ, ಗುಣಾಕಾರವೂ ಬರುತ್ತದೆ. 96 ಎಂಬುದು ಎಷ್ಟು ಪಾಲಿನ ಲೆಕ್ಕ ಎಂಬುದಷ್ಟೇ ಹೊಳೆದಿಲ್ಲ. ಈ ಪಾಠದ ಬಹುಪಾಲು ತಪ್ಪುಗಳು ಹುಟ್ಟುವುದು ಇಲ್ಲೇ. ಹಾಗಾಗಿ ಮೇಷ್ಟ್ರುಗಳಾಗಲಿ, ಮನೆಯಲ್ಲಿ ಹೇಳಿಕೊಡುವವರಾಗಲಿ, ಸೂತ್ರಕ್ಕಿಂತ ಮೊದಲು ಮಗುವಿಗೆ ಅಭ್ಯಾಸ ಮಾಡಿಸಬೇಕಾದ್ದು ಒಂದು ಪ್ರಶ್ನೆ: "ಕೊಟ್ಟಿರುವ ಸಂಖ್ಯೆ ಎಷ್ಟು ಪಾಲಿನದು?"

ಲೆಕ್ಕಕ್ಕೆ ಕೈ ಹಾಕುವ ಮುನ್ನ

ಎರಡು ವಿಷಯ ಮೊದಲೇ ಗಟ್ಟಿಯಾಗಿರಬೇಕು. ಒಂದು, ಕ್ರಮ. "ಬಾದಾಮಿ ಮತ್ತು ತೋತಾಪುರಿ 3 : 5" ಎಂದರೆ 3 ಬಾದಾಮಿಯದು, 5 ತೋತಾಪುರಿಯದು. ಪ್ರಶ್ನೆಯ ಕೊನೆಯಲ್ಲಿ ತೋತಾಪುರಿಯನ್ನು ಮೊದಲು ಕೇಳಿದರೂ ಇದು ಬದಲಾಗುವುದಿಲ್ಲ. ಸಂಖ್ಯೆಯ ತಲೆಯ ಮೇಲೆ ಹೆಸರಿನ ಮೊದಲಕ್ಷರ ಬರೆಯುವ ರೂಢಿ ಮಾಡಿಸಿದರೆ ಸಾಕು: 3ರ ಮೇಲೆ ಬಾ, 5ರ ಮೇಲೆ ತೋ.

ಎರಡು, ಮಾನ. ಕೋಲಾರದ ಮಾರುಕಟ್ಟೆಯಲ್ಲಿ ಟೊಮ್ಯಾಟೊ ಬಾಕ್ಸ್ ಎಂದರೆ 15 ಕೆಜಿ. ಒಂದು ಬಾಕ್ಸಿನಲ್ಲಿ 600 ಗ್ರಾಂ ಕೊಳೆತಿದ್ದರೆ ಕೊಳೆತದ್ದಕ್ಕೂ ಬಾಕ್ಸಿಗೂ ಇರುವ ಅನುಪಾತ 600 : 15 ಅಲ್ಲ. 15 ಕೆಜಿಯನ್ನು 15000 ಗ್ರಾಂ ಮಾಡಿಕೊಂಡರೆ 600 : 15000, ಅಂದರೆ 1 : 25. ಮಾನ ಬದಲಿಸದೆ ಸರಳಗೊಳಿಸಿದವರಿಗೆ 40 : 1 ಬರುತ್ತದೆ. ಬಾಕ್ಸಿಗಿಂತ ಕೊಳೆತ ಹಣ್ಣೇ 40 ಪಟ್ಟು ಹೆಚ್ಚು ಎಂದಾಯಿತು! ಇಂಥ ಉತ್ತರ ಬಂದಾಗ "ತಪ್ಪು" ಎನ್ನುವುದಕ್ಕಿಂತ, ಬರೆದದ್ದನ್ನು ಮಗುವಿನ ಬಾಯಲ್ಲೇ ಜೋರಾಗಿ ಓದಿಸಿ. ತಾನೇ ನಕ್ಕು ತಿದ್ದಿಕೊಳ್ಳುತ್ತದೆ.

ಮನೆ ಎಳೆಯುವುದು

ಚೌಕಗಳಿರುವ ಲೆಕ್ಕದ ಪುಸ್ತಕ ಇದಕ್ಕೆ ಹೇಳಿ ಮಾಡಿಸಿದ್ದು. ಒಂದು ಪಾಲಿಗೆ ಒಂದು ಮನೆ.

ಬಾದಾಮಿ ▢▢▢
ತೋತಾಪುರಿ ▢▢▢▢▢

ಎಲ್ಲ ಮನೆಗಳೂ ಒಂದೇ ಅಳತೆಯವು ಎಂಬುದು ಇಲ್ಲಿನ ಜೀವಾಳ. ಎರಡೂ ಸಾಲು ಎಡಗಡೆ ಒಂದೇ ಗೆರೆಯಿಂದ ಶುರುವಾಗಬೇಕು. ಇಲ್ಲದಿದ್ದರೆ ಮುಂದೆ ವ್ಯತ್ಯಾಸದ ಲೆಕ್ಕ ಬಂದಾಗ ಯಾವುದು ಎಷ್ಟು ಉದ್ದ ಎಂದು ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ಕೊಟ್ಟ ಸಂಖ್ಯೆಯನ್ನು ಅದು ಸೇರಿದ ಮನೆಗಳ ಪಕ್ಕದಲ್ಲಿ ಬರೆಯಬೇಕು. ಇಲ್ಲಿ 96 ಎಂಟೂ ಮನೆಗಳದ್ದು. ಒಂದು ಮನೆಗೆ 96 ÷ 8 = 12. ಬಾದಾಮಿ 3 × 12 = 36 ಕ್ರೇಟ್, ತೋತಾಪುರಿ 5 × 12 = 60 ಕ್ರೇಟ್.

ಇದನ್ನೇ ಎಕ್ಸ್ ಎಂದು ಬರೆದು 3 ಎಕ್ಸ್ + 5 ಎಕ್ಸ್ = 96 ಎಂದೂ ಬಿಡಿಸಬಹುದು. ಆದರೆ ಆರನೇ ತರಗತಿಯಲ್ಲಿ ಅದಕ್ಕೆ ಅವಸರ ಬೇಡ. ಮನೆ ಎಳೆದು ಕಲಿತ ಮಗುವಿಗೆ ಎಕ್ಸ್ ಎಂದರೆ ಒಂದು ಮನೆ ಎಂದು ಮುಂದೆ ಒಂದು ಮಾತಿನಲ್ಲಿ ಹೇಳಿಬಿಡಬಹುದು. ಎಕ್ಸ್‌ನಿಂದಲೇ ಶುರು ಮಾಡಿದ ಮಗು ಲೆಕ್ಕ ಬಿಡಿಸೀತು, ಆದರೆ ಪ್ರಶ್ನೆಯ ಒಂದು ಪದ ಬದಲಾದರೂ ಅದೇ ಸಮೀಕರಣ ಬರೆಯುತ್ತದೆ.

ಒಟ್ಟು ಕೊಟ್ಟಿದ್ದಾರೋ, ಒಂದು ಪಾಲೋ, ವ್ಯತ್ಯಾಸವೋ?

ಹೆಚ್ಚಿನ ಪಾಠಗಳಲ್ಲಿ ಒಟ್ಟು ಕೊಟ್ಟ ಲೆಕ್ಕಗಳೇ ಹತ್ತಾರು ಇರುತ್ತವೆ. ಅವನ್ನೇ ಸಾಲಾಗಿ ಮಾಡಿದ ಮಗು "ಅನುಪಾತ ಬಂದರೆ ಕೂಡಿ ಭಾಗಿಸು" ಎಂದು ಕಲಿಯುತ್ತದೆ. ಅದೇ ಮುಂದೆ ಮುಳುವಾಗುತ್ತದೆ.

ಮನೆ ಕಟ್ಟುವ ಕಡೆ ನಿಂತು ನೋಡಿದ ಮಕ್ಕಳಿಗೆ 1 : 2 : 4 ಗೊತ್ತಿರುತ್ತದೆ: ಸಿಮೆಂಟು ಒಂದು, ಮರಳು ಎರಡು, ಜಲ್ಲಿ ನಾಲ್ಕು. (ಮರಳಿನ ಜಾಗಕ್ಕೆ ನಮ್ಮ ಕಡೆ ಈಗ ಎಂ-ಸ್ಯಾಂಡ್ ಬಂದಿದೆ, ಲೆಕ್ಕ ಅದೇ.) "18 ಬಾಂಡ್ಲಿ ಮರಳು ಹಾಕಿದ್ದಾರೆ. ಸಿಮೆಂಟು, ಜಲ್ಲಿ ಎಷ್ಟೆಷ್ಟು?" ಎಂದು ಕೇಳಿ. ಕೂಡಿ ಭಾಗಿಸುವ ಮಗು 18ನ್ನು 7ರಿಂದ ಭಾಗಿಸಲು ಹೋಗಿ ಸಿಕ್ಕಿಕೊಳ್ಳುತ್ತದೆ. ಮನೆ ಎಳೆದ ಮಗು 18ನ್ನು ಮರಳಿನ ಎರಡು ಮನೆಗಳ ಪಕ್ಕ ಬರೆಯುತ್ತದೆ. ಒಂದು ಮನೆ 9. ಸಿಮೆಂಟು 9 ಬಾಂಡ್ಲಿ, ಜಲ್ಲಿ 36 ಬಾಂಡ್ಲಿ.

ವ್ಯತ್ಯಾಸ ಕೊಟ್ಟಾಗ ಗೊಂದಲ ಇನ್ನೂ ಹೆಚ್ಚು. ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಅಣ್ಣ ತಮ್ಮ 7 : 4ರ ಅನುಪಾತದಲ್ಲಿ ಕೊಬ್ಬರಿ ತಂದಿದ್ದಾರೆ. ಅಣ್ಣನದು ತಮ್ಮನದಕ್ಕಿಂತ 45 ಕೆಜಿ ಹೆಚ್ಚು.

ಅಣ್ಣ ▢▢▢▢▢▢▢
ತಮ್ಮ ▢▢▢▢

ಅಣ್ಣನ ಸಾಲು ತಮ್ಮನ ಸಾಲಿಗಿಂತ ಮುಂದೆ ಚಾಚಿರುವುದು ಮೂರು ಮನೆ. ಆ ಮೂರೇ 45. ಒಂದು ಮನೆ 15 ಕೆಜಿ, ಅಣ್ಣನದು 105, ತಮ್ಮನದು 60. ಪ್ರಶ್ನೆಯಲ್ಲಿ "ಹೆಚ್ಚು", "ಕಡಿಮೆ", "ಉಳಿದದ್ದು", "ಇಬ್ಬರಿಗೂ ಇರುವ ಅಂತರ" ಎಂಬ ಮಾತು ಕಂಡರೆ ಚಾಚಿದ ಮನೆ ಎಣಿಸಬೇಕೇನೋ ಎಂದು ಒಮ್ಮೆ ನಿಂತು ನೋಡಲಿ. "ಉಳಿದದ್ದು" ಕೆಲವೊಮ್ಮೆ ವ್ಯತ್ಯಾಸ, ಕೆಲವೊಮ್ಮೆ ಒಂದು ಪಾಲು. ಪದ ನೋಡಿ ಕ್ರಿಯೆ ನಿರ್ಧರಿಸಿದರೆ ಎಡವಿದಂತೆಯೇ, ಚಿತ್ರ ನೋಡಿಯೇ ನಿರ್ಧರಿಸಬೇಕು.

ಅಭ್ಯಾಸ ಕೊಡುವಾಗ ಈ ಮೂರನ್ನೂ ಕಲಸಿ ಕೊಡಿ. ಒಂದೇ 3 : 5 ಇಟ್ಟುಕೊಂಡು "ಒಟ್ಟು 40", "ಮೊದಲನೆಯದು 45", "ವ್ಯತ್ಯಾಸ 12" ಎಂದು ಮೂರು ಸಲ ಕೇಳಿ. ಉತ್ತರ ಕ್ರಮವಾಗಿ 15 ಮತ್ತು 25, 45 ಮತ್ತು 75, 18 ಮತ್ತು 30. ಅನುಪಾತ ಒಂದೇ ಆಗಿದ್ದರೂ ಭಾಗಿಸುವ ಸಂಖ್ಯೆ 8, 3, 2 ಎಂದು ಬದಲಾಗುವುದನ್ನು ಮಗು ಕಣ್ಣಾರೆ ನೋಡಬೇಕು. ಬೇರೆ ಬೇರೆ ಹತ್ತು ಲೆಕ್ಕಕ್ಕಿಂತ ಈ ಮೂರು ಹೆಚ್ಚು ಕೆಲಸ ಮಾಡುತ್ತವೆ.

ಕೂಡಲೇಬಾರದ ಅನುಪಾತ

ಶಿಡ್ಲಘಟ್ಟದ ಮಕ್ಕಳಿಗೆ ಈ ಲೆಕ್ಕ ಮನೆಯಲ್ಲೇ ಕಿವಿಗೆ ಬಿದ್ದಿರುತ್ತದೆ. 7 ಕೆಜಿ ಗೂಡು ಬಿಚ್ಚಿದರೆ 1 ಕೆಜಿ ರೇಷ್ಮೆ ಎಂದಿಟ್ಟುಕೊಳ್ಳೋಣ (ತಳಿ, ಗೂಡಿನ ಗುಣಮಟ್ಟ ನೋಡಿ ಇದು ಹೆಚ್ಚು ಕಡಿಮೆ ಆಗುತ್ತದೆ). ಗೂಡು ಮತ್ತು ರೇಷ್ಮೆಯ ಅನುಪಾತ 7 : 1. 84 ಕೆಜಿ ಗೂಡಿಗೆ ರೇಷ್ಮೆ ಎಷ್ಟು? 7 + 1 = 8 ಎಂದು ಕೂಡಿ 84 ÷ 8 = 10.5 ಎನ್ನುವ ಮಕ್ಕಳು ತರಗತಿಗೆ ನಾಲ್ಕೈದು ಜನ ಸಿಕ್ಕೇ ಸಿಗುತ್ತಾರೆ. ಸರಿಯಾದ ಉತ್ತರ 12 ಕೆಜಿ. ರೇಷ್ಮೆ ಗೂಡಿನ ಒಳಗಿಂದಲೇ ಬಂದದ್ದು. ಗೂಡನ್ನೂ ರೇಷ್ಮೆಯನ್ನೂ ಪಕ್ಕಪಕ್ಕ ಇಟ್ಟು ಕೂಡಿದರೆ ಬರುವ 8ಕ್ಕೆ ಅರ್ಥವೇ ಇಲ್ಲ.

ಅದಕ್ಕೇ ಕೂಡುವ ಮೊದಲು ಕೇಳಬೇಕು: ಇವೆರಡೂ ಬೇರೆ ಬೇರೆ ರಾಶಿಯೋ, ಒಂದರೊಳಗೆ ಇನ್ನೊಂದೋ? ಮೇಲಿನ ಟೊಮ್ಯಾಟೊಗೆ ಮತ್ತೆ ಬನ್ನಿ. ಕೊಳೆತದ್ದಕ್ಕೂ ಇಡೀ ಬಾಕ್ಸಿಗೂ 1 : 25. ಕೊಳೆತದ್ದಕ್ಕೂ ಚೆನ್ನಾಗಿರುವುದಕ್ಕೂ 600 : 14400, ಅಂದರೆ 1 : 24. ಎರಡೂ ಸರಿ, ಕೇಳಿದ್ದು ಬೇರೆ ಅಷ್ಟೇ.

ಭಿನ್ನರಾಶಿಯ ಜೊತೆ ಆಗುವ ಗೊಂದಲಕ್ಕೂ ಬೇರು ಇದೇ. ತರಗತಿಯಲ್ಲಿ ಹುಡುಗಿಯರು ಮತ್ತು ಹುಡುಗರು 4 : 5, ಒಟ್ಟು 36 ಮಕ್ಕಳು. ಹುಡುಗಿಯರು ಎಷ್ಟು ಎಂದರೆ 36ರಲ್ಲಿ 4/5 ಎಂದು ಲೆಕ್ಕ ಹಾಕಿ 28.8 ತರುತ್ತಾರೆ. ಹುಡುಗರ ಸಂಖ್ಯೆಯ 4/5ರಷ್ಟು ಹುಡುಗಿಯರಿದ್ದಾರೆ ಎಂಬುದೇನೋ ನಿಜ, ಆದರೆ ಒಟ್ಟಿನಲ್ಲಿ ಅವರು 4/9. ಉತ್ತರ 16. ಮಕ್ಕಳು, ಕುರಿ, ಕ್ರೇಟ್, ತೆಂಗಿನಕಾಯಿ ಇಂಥವುಗಳ ಲೆಕ್ಕದಲ್ಲಿ ದಶಮಾಂಶ ಬಂದರೆ ಲೆಕ್ಕವನ್ನು ಅಲ್ಲೇ ನಿಲ್ಲಿಸಿ ಮನೆಗಳನ್ನು ಮತ್ತೆ ಎಣಿಸಲು ಹೇಳಿ.

ಇನ್ನೊಂದು ಸಣ್ಣ ಮಾತು. ರಾಗಿ ಹೊಲದಲ್ಲಿ 8 ಸಾಲು ರಾಗಿಗೆ 2 ಸಾಲು ತೊಗರಿ ಹಾಕುವ ಅಕ್ಕಡಿ ಪದ್ಧತಿ ಇದೆ. 8 : 2ನ್ನು 4 : 1 ಎಂದು ಸರಳಗೊಳಿಸಬಹುದು. 120 ಸಾಲಿನ ಹೊಲದಲ್ಲಿ ರಾಗಿ 96, ತೊಗರಿ 24 ಎಂಬ ಲೆಕ್ಕಕ್ಕೆ ಎರಡೂ ಒಂದೇ. ಬಿತ್ತುವವನಿಗೆ ಮಾತ್ರ ಒಂದೇ ಅಲ್ಲ, ಅವನು ಎಂಟು ಸಾಲು ಬಿಟ್ಟು ಜೋಡಿ ಸಾಲು ಹಾಕಬೇಕು. "ಹಂಗಾದ್ರೆ ನಾಲ್ಕು ಸಾಲಿಗೊಂದು ತೊಗರಿನಾ?" ಎಂದು ರೈತರ ಮನೆಯ ಮಗು ಕೇಳಿದರೆ ಅದು ದಡ್ಡ ಪ್ರಶ್ನೆಯಲ್ಲ.

ಕೂಡಿಸುವ ಚಟ

ಎರಡು ಅಚ್ಚು ಬೆಲ್ಲಕ್ಕೆ ಮೂರು ಲೋಟ ನೀರು ಹಾಕಿ ಪಾನಕ ಮಾಡಿದ್ದಾರೆ. ಅದೇ ಸಿಹಿ ಬರಬೇಕೆಂದರೆ ನಾಲ್ಕು ಅಚ್ಚಿಗೆ ಎಷ್ಟು ನೀರು? "ಐದು ಲೋಟ" ಎಂಬ ಉತ್ತರ ಬರುತ್ತದೆ. ಎರಡು ಅಚ್ಚು ಜಾಸ್ತಿಯಾಯಿತು, ಎರಡು ಲೋಟ ಜಾಸ್ತಿ ಹಾಕಿದೆ ಎಂಬುದು ಮಗುವಿನ ತರ್ಕ. ಇದು ಅಜಾಗರೂಕತೆಯಿಂದಾದ ತಪ್ಪಲ್ಲ, ಇಷ್ಟು ವರ್ಷ ಕೂಡು ಕಳೆ ಮಾಡಿದ ತಲೆಗೆ ಸಹಜವಾಗಿ ತೋಚುವ ದಾರಿ. ಆರು ಲೋಟ ಎಂದು ತಿದ್ದಿ ಹೇಳಿದರೆ ಆ ಲೆಕ್ಕ ಮಾತ್ರ ಸರಿಹೋಗುತ್ತದೆ, ತರ್ಕ ಹಾಗೇ ಉಳಿಯುತ್ತದೆ.

ಅದೇ ತರ್ಕವನ್ನು ಮಗುವಿನ ಕೈಯಲ್ಲೇ ಹಿಂದಕ್ಕೆ ಎಳೆಸಿ. ಒಂದು ಅಚ್ಚಿಗೆ ಎಷ್ಟು ಲೋಟ? ಒಂದು ಕಡಿಮೆ, ಹಾಗಾಗಿ ಎರಡು ಲೋಟ ಎನ್ನುತ್ತದೆ. ಸರಿ, ಅಂಥ ಎರಡು ಪಾತ್ರೆ ಪಾನಕವನ್ನು ಒಂದೇ ಕೊಳದಪ್ಪಲೆಗೆ ಸುರಿದರೆ? ಎರಡು ಅಚ್ಚು, ನಾಲ್ಕು ಲೋಟ. ಆದರೆ ಎರಡು ಅಚ್ಚಿಗೆ ಮೂರೇ ಲೋಟ ಎಂದು ಲೆಕ್ಕದಲ್ಲೇ ಇದೆಯಲ್ಲ? ಇಲ್ಲಿ ಮಗುವಿಗೆ ತಾನಾಗಿ ಗೊತ್ತಾಗುತ್ತದೆ, ಕೂಡಿಸುವ ದಾರಿ ತನ್ನನ್ನೇ ಸುಳ್ಳು ಮಾಡುತ್ತಿದೆ ಎಂದು. ಆಮೇಲೆ ಎರಡು ಅಚ್ಚು, ಮೂರು ಲೋಟದ ಪಾತ್ರೆಯನ್ನೇ ಮತ್ತೆ ಮತ್ತೆ ಸುರಿಯುತ್ತಾ ಹೋಗುವ ಪಟ್ಟಿ ಬರೆಸಿ: 2ಕ್ಕೆ 3, 4ಕ್ಕೆ 6, 6ಕ್ಕೆ 9, 8ಕ್ಕೆ 12. ಸಮಾನುಪಾತ ಎಂಬ ಪದವನ್ನು ಈ ಪಟ್ಟಿ ಮುಗಿದ ಮೇಲೆ ಹೇಳಿದರೆ ಸಾಕು.

ಬದಲಾಗುವ ಲೆಕ್ಕಗಳು: ಏನು ಬದಲಾಗಲಿಲ್ಲ?

ಪ್ರವೇಶ ಪರೀಕ್ಷೆಗಳಿಗೆ ಕೂರುವ ಮಕ್ಕಳನ್ನು ಹೆಚ್ಚು ಹೆದರಿಸುವುದು ಇವು: ಮೊದಲು ಒಂದು ಅನುಪಾತ, ಏನೋ ಆಯಿತು, ಆಮೇಲೆ ಇನ್ನೊಂದು ಅನುಪಾತ. ಇಲ್ಲಿ ಮೊದಲಿನ ಮನೆಯೂ ಆಮೇಲಿನ ಮನೆಯೂ ಒಂದೇ ಅಳತೆಯವು ಎಂದು ನಂಬುವಂತಿಲ್ಲ. ಆ ಅಳತೆಗಳನ್ನು ಸರಿದೂಗಿಸಬೇಕು. ಸರಿದೂಗಿಸಲು ಬದಲಾಗದೆ ಉಳಿದದ್ದೊಂದು ಬೇಕು.

ಶಿರಾ ಕಡೆಯ ಒಬ್ಬರ ಹತ್ತಿರ ಕುರಿ ಮತ್ತು ಮೇಕೆ 3 : 2ರ ಅನುಪಾತದಲ್ಲಿವೆ. 12 ಕುರಿ ಕೊಂಡು ತಂದ ಮೇಲೆ 9 : 5 ಆಯಿತು. ಮೊದಲು ಎಷ್ಟಿದ್ದವು? ಬದಲಾಗದ್ದು ಮೇಕೆ. ಆದರೆ ಮೊದಲು ಅವಕ್ಕೆ 2 ಮನೆ, ಆಮೇಲೆ 5 ಮನೆ. 2 ಮತ್ತು 5ರ ಲ.ಸಾ.ಅ. (ಎರಡರಿಂದಲೂ ಶೇಷವಿಲ್ಲದೆ ಭಾಗ ಹೋಗುವ ಅತಿ ಚಿಕ್ಕ ಸಂಖ್ಯೆ) 10. ಮೊದಲಿನದನ್ನು 5ರಿಂದ ಗುಣಿಸಿ 15 : 10, ಆಮೇಲಿನದನ್ನು 2ರಿಂದ ಗುಣಿಸಿ 18 : 10. ಈಗ ಮನೆಗಳ ಅಳತೆ ಒಂದಾಯಿತು. ಕುರಿ 15ರಿಂದ 18 ಮನೆಗೆ ಏರಿದೆ, ಆ 3 ಮನೆಯೇ 12 ಕುರಿ. ಒಂದು ಮನೆ 4. ಮೊದಲು 60 ಕುರಿ, 40 ಮೇಕೆ. ಈಗ 72 ಮತ್ತು 40, ಅಂದರೆ 9 : 5.

ಒಬ್ಬರಿಂದ ಇನ್ನೊಬ್ಬರಿಗೆ ಹೋದರೆ ಒಟ್ಟು ಬದಲಾಗುವುದಿಲ್ಲ. ಅಕ್ಕ ತಂಗಿಯರ ಹತ್ತಿರ ದುಡ್ಡು 2 : 1. ಅಕ್ಕ ತಂಗಿಗೆ 20 ರೂಪಾಯಿ ಕೊಟ್ಟಳು, 5 : 4 ಆಯಿತು. ಒಟ್ಟು ಮೊದಲು 3 ಮನೆ, ಆಮೇಲೆ 9. ಮೊದಲಿನದನ್ನು 6 : 3 ಮಾಡಿ. 6 : 3 ಹೋಗಿ 5 : 4 ಆಗಿದೆ, ಒಂದು ಮನೆ ಕೈ ಬದಲಾಗಿದೆ. ಒಂದು ಮನೆ 20 ರೂಪಾಯಿ. ಅಕ್ಕನ ಹತ್ತಿರ ಇದ್ದದ್ದು 120, ತಂಗಿಯ ಹತ್ತಿರ 60.

ವಯಸ್ಸಿನ ಲೆಕ್ಕದಲ್ಲಿ ವ್ಯತ್ಯಾಸ ಬದಲಾಗುವುದಿಲ್ಲ. ಅಮ್ಮ ಮತ್ತು ಮಗಳ ವಯಸ್ಸು ಈಗ 4 : 1, ಎಂಟು ವರ್ಷದ ನಂತರ 5 : 2. ವ್ಯತ್ಯಾಸ ಎರಡರಲ್ಲೂ 3 ಮನೆ, ಆಗಲೇ ಸರಿದೂಗಿದೆ. ಇಬ್ಬರೂ ಒಂದೊಂದು ಮನೆ ಏರಿದ್ದಾರೆ, ಅದೇ 8 ವರ್ಷ. ಈಗ ಅಮ್ಮನಿಗೆ 32, ಮಗಳಿಗೆ 8.

ಮೂರು ಹೆಸರಿನ ಲೆಕ್ಕಕ್ಕೂ ಇದೇ ಲ.ಸಾ.ಅ. ಸಾಕು. ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯಲ್ಲಿ ಗುಲಾಬಿ ಮತ್ತು ಸೇವಂತಿಗೆ 2 : 3, ಸೇವಂತಿಗೆ ಮತ್ತು ಚೆಂಡುಹೂ 4 : 5, ಒಟ್ಟು 140 ಕೆಜಿ. ಎರಡರಲ್ಲೂ ಇರುವುದು ಸೇವಂತಿಗೆ, ಅದನ್ನು 12 ಮಾಡಿದರೆ 8 : 12 : 15. ಒಟ್ಟು 35 ಪಾಲು, ಒಂದು ಪಾಲು 4 ಕೆಜಿ. ಗುಲಾಬಿ 32, ಸೇವಂತಿಗೆ 48, ಚೆಂಡುಹೂ 60. ನೇರವಾಗಿ 2 : 3 : 5 ಎಂದೋ 2 : 4 : 5 ಎಂದೋ ಬರೆಯುವುದು ಇಲ್ಲಿ ಕಾಣುವ ಮಾಮೂಲಿ ತಪ್ಪು.

ಬರವಣಿಗೆ, ತಾಳೆ

ಪುಸ್ತಕದಲ್ಲಿ "3 : 5 = 8 = 96 ÷ 8 = 12" ಎಂದು ಒಂದೇ ಸಾಲಿನಲ್ಲಿ ಎಳೆದುಕೊಂಡು ಹೋಗುವುದನ್ನು ಬಿಡಿಸಿ. 8ಕ್ಕೂ 12ಕ್ಕೂ ಸಮ ಚಿಹ್ನೆ ಬೀಳುತ್ತದೆ. ಉತ್ತರ ಸರಿಯಿದ್ದರೂ ಬರೆದದ್ದು ಸುಳ್ಳು. ಸಾಲುಗಳು ಹೀಗಿರಲಿ:

ಒಟ್ಟು ಪಾಲು = 3 + 5 = 8
8 ಪಾಲು = 96 ಕ್ರೇಟ್
1 ಪಾಲು = 96 ÷ 8 = 12 ಕ್ರೇಟ್
ತೋತಾಪುರಿ = 5 × 12 = 60 ಕ್ರೇಟ್

ಎರಡನೇ ಸಾಲನ್ನು ಮಕ್ಕಳು ಹಾರಿಸುತ್ತಾರೆ. ಅದನ್ನು ಹಾರಿಸಲು ಬಿಡಲೇಬೇಡಿ, "ಎಷ್ಟು ಪಾಲಿನದು?" ಎಂಬ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ.

ತಾಳೆ ಎರಡು ಸಲ ನೋಡಬೇಕು. ಉತ್ತರಗಳ ಅನುಪಾತ ಸರಿ ಬಂತೇ? 36 : 60 = 3 : 5, ಬಂತು. ಕೊಟ್ಟ ಮಾತು ನಿಜವಾಯಿತೇ? 36 + 60 = 96, ಆಯಿತು. ಒಂದನ್ನೇ ನೋಡಿದರೆ ಸಾಲದು: 96ನ್ನು ಒಟ್ಟಿನ ಬದಲು ವ್ಯತ್ಯಾಸ ಎಂದು ತಿಳಿದ ಮಗುವಿಗೆ 144 ಮತ್ತು 240 ಬರುತ್ತದೆ, ಅದರ ಅನುಪಾತವೂ 3 : 5ರೇ.

ಕೊನೆಗೆ, ಈ ದಾರಿ ನಡೆಯದ ಲೆಕ್ಕಗಳನ್ನೂ ನಡುನಡುವೆ ಹಾಕಿ. 6 ಆಳು 4 ದಿನಕ್ಕೆ ಕಳೆ ಕೀಳುತ್ತಾರೆ, 8 ಆಳು ಹಾಕಿದರೆ? ಆಳು ಹೆಚ್ಚಾದರೆ ದಿನ ಕಡಿಮೆಯಾಗಬೇಕು. ಒಟ್ಟು ಕೆಲಸ 24 ಆಳಿನ ದಿನ, ಎಂಟು ಜನಕ್ಕೆ 3 ದಿನ. ಒಂದು ಬಟ್ಟೆ ಒಣಗಲು ಎರಡು ಗಂಟೆ, ಐದು ಬಟ್ಟೆ ಒಟ್ಟಿಗೆ ಹರವಿದರೆ? ಆಗಲೂ ಎರಡೇ ಗಂಟೆ. ಹತ್ತು ಗಂಟೆ ಎಂದವರು ಪ್ರಶ್ನೆ ಓದಿಲ್ಲ, ಸಂಖ್ಯೆ ಮಾತ್ರ ಓದಿದ್ದಾರೆ.

ಬಿಡಿಸಲು ನಾಲ್ಕು

1. ಕಡಲೆಕಾಯಿ ಮತ್ತು ಅವರೆ ಮೂಟೆಗಳು 5 : 2. ಕಡಲೆಕಾಯಿ 21 ಮೂಟೆ ಹೆಚ್ಚು. ಒಟ್ಟು ಎಷ್ಟು ಮೂಟೆ?
2. ಸಿಮೆಂಟು, ಮರಳು, ಜಲ್ಲಿ 1 : 2 : 4. ಜಲ್ಲಿ 28 ಬಾಂಡ್ಲಿ ಹಾಕಿದರೆ ಮರಳು ಎಷ್ಟು?
3. ಒಂದು ಲೀಟರ್ ಹಾಲಿಗೆ 250 ಮಿಲಿ ನೀರು ಸೇರಿಸಿದ್ದಾರೆ. ನೀರಿಗೂ ಒಟ್ಟು ಮಿಶ್ರಣಕ್ಕೂ ಇರುವ ಅನುಪಾತ ಎಷ್ಟು?
4. ಕುರಿ, ಮೇಕೆ 3 : 2. 15 ಕುರಿ ಮಾರಿದ ಮೇಲೆ 3 : 4. ಮೇಕೆ ಎಷ್ಟು?

ಉತ್ತರ: 49 ಮೂಟೆ, 14 ಬಾಂಡ್ಲಿ, 1 : 5, 20 ಮೇಕೆ. ಮೂರನೆಯದಕ್ಕೆ 1 : 4 ಬರೆದಿದ್ದರೆ "ಕೂಡಲೇಬಾರದ ಅನುಪಾತ" ಭಾಗದ ಟೊಮ್ಯಾಟೊ ಲೆಕ್ಕವನ್ನು ಮತ್ತೊಮ್ಮೆ ಮಾಡಿಸಿ.